ಚಾವಣಿ ನೋಡಲು ಹೋದವರು

ಕೋಟೆ ನೋಡಲು ಹೋಗುವವರು ಸಾಮಾನ್ಯವಾಗಿ ಕೋಟೆಯನ್ನು ನೋಡುತ್ತಾರೆ. ಬುರುಜು, ಕಂದಕ, ಫಿರಂಗಿ, ರಾಣಿಯ ಕನ್ನಡಿ, ರಾಜನ ಬೂಟು. ಮೇಸ್ತ್ರಿಯ ಮನೆಯವರು ಮಾತ್ರ ಆ ಭಾನುವಾರ ಹೊರಟಿದ್ದು ಒಂದು ಚಾವಣಿ ನೋಡಲು. ಸರೋವರದ ದಂಡೆಯ ಆ ಹಳೆಯ ಕೋಟೆಯಲ್ಲಿ ಔತಣದ ಹಜಾರ ಎಂದು ಒಂದಿದೆ. ಅದರ ಚಾವಣಿಯ ತುಂಬ ಸುಣ್ಣದ ಗಾರೆಯಲ್ಲಿ ಮಾಡಿದ ಬಳ್ಳಿ, ಎಲೆ, ಹಕ್ಕಿ, ಹಣ್ಣಿನ ಗೊಂಚಲು. ಮುನ್ನೂರು ವರ್ಷ ಯಾರ ತಂಟೆಗೂ ಹೋಗದೆ ತೆಪ್ಪಗಿದ್ದ ಆ ಚಾವಣಿ ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ಅಲ್ಲಲ್ಲಿ ಕಳಚಿಕೊಂಡು ಬಿತ್ತು. ಅದನ್ನು ಮತ್ತೆ ಮೊದಲಿನಂತೆ ಮಾಡಿದ ಐದು ಜನ ಗಾರೆ ಕೆಲಸದವರಲ್ಲಿ ನಮ್ಮ ಮೇಸ್ತ್ರಿಯೂ ಒಬ್ಬ. ಹದಿನೆಂಟು ತಿಂಗಳ ಕೆಲಸ. ತಿಂಗಳಲ್ಲಿ ಎರಡು ಭಾನುವಾರ ಮನೆ, ಮಿಕ್ಕಿದ್ದೆಲ್ಲ ಚಾವಣಿ.

ಹೊರಟ ದಂಡು ದೊಡ್ಡದೇನಲ್ಲ. ಮೇಸ್ತ್ರಿ, ಅವನ ಹೆಂಡತಿ, ಹೆಂಡತಿಯ ತಾಯಿ, ಮತ್ತೆ ಒಂಬತ್ತು ವರ್ಷದ ಮಗಳು. ಹೆಂಡತಿ ಊರೊಳಗಿನ ಬಸ್ಸಿನ ಡ್ರೈವರು. ಹನ್ನೆರಡು ವರ್ಷದಲ್ಲಿ ಒಂದು ನಿಲ್ದಾಣಕ್ಕೂ ತಡವಾಗಿ ಹೋದವಳಲ್ಲ, ಹಾಗಾಗಿ ಮನೆಯವರ ತಿರುಗಾಟಕ್ಕೂ ವೇಳಾಪಟ್ಟಿ ಹಾಕಿಯೇ ಹೊರಡಿಸುವುದು ಅವಳ ಕ್ರಮ. ಎಂಟೂ ಹತ್ತಕ್ಕೆ ಬಸ್ಸು, ಹನ್ನೊಂದೂ ನಲವತ್ತಕ್ಕೆ ಕೋಟೆ, ಹನ್ನೆರಡೂವರೆಗೆ ಬುತ್ತಿ, ಒಂದೂ ಹತ್ತಕ್ಕೆ ಚಾವಣಿ, ಎರಡೂ ಇಪ್ಪತ್ತಕ್ಕೆ ದೋಣಿ.

"ಚಾವಣಿಗೆ ಇನ್ನೊಂದು ಸ್ವಲ್ಪ ಹೊತ್ತು ಇಟ್ಟುಕೊಳ್ಳೋಣ್ವೇನೆ?" ಎಂದು ಮೇಸ್ತ್ರಿ ಹಿಂದಿನ ದಿನವೇ ಅರ್ಜಿ ಹಾಕಿದ್ದ.

"ಯಾಕ್ರೀ? ಅದೇನು ಅತ್ಲಾಗೆ ಇತ್ಲಾಗೆ ಓಡಾಡುತ್ತಾ?" ಎಂದು ಅವಳು ಅರ್ಜಿಯನ್ನು ವಜಾ ಮಾಡಿದ್ದಳು.

ಅತ್ತೆಯ ತಕರಾರು ಬೇರೆ. "ಚಾವಣಿ ನೋಡೋದಕ್ಕೆ ಮೂರೂವರೆ ಗಂಟೆ ಬಸ್ಸಲ್ಲಿ ಹೋಗ್ಬೇಕಾ ಅಳಿಯಂದಿರೇ? ನಮ್ಮ ಮನೇಲೂ ಒಂದಿದೆ. ಎರಡು ವರ್ಷದಿಂದ ಸೋರ್ತಾ ಇದೆ. ಅದನ್ನ ನೋಡೋರಿಲ್ಲ." ಊರವರ ಗೋಡೆ ನುಣುಪು ಮಾಡುವವನ ಮನೆಯ ಗೋಡೆ ಯಾವಾಗಲೂ ಹೀಗೇ ಇರುತ್ತದೆ ಎಂದು ಮೇಸ್ತ್ರಿ ಬಹಳ ಹಿಂದೆಯೇ ಒಪ್ಪಿಕೊಂಡಿದ್ದ. ಅತ್ತೆ ಇನ್ನೂ ಒಪ್ಪಿಕೊಂಡಿರಲಿಲ್ಲ.

ಇನ್ನು ಮಗಳು. ಶಾಲೆಯಲ್ಲಿ ಅವಳಿಗೆ ಒಂದು ಹೆಸರಿದೆ, ಆದರೆ ಮನೆಯಲ್ಲಿ ಅವಳು ಯಾಕಮ್ಮ. ಮಾತು ಬಂದಾಗ ಮೊದಲು ಕಲಿತ ಪದ ಅಮ್ಮ, ಎರಡನೆಯದು ಯಾಕೆ. ಮೂರನೆಯದರ ಅಗತ್ಯ ಅವಳಿಗೆ ಬಹಳ ದಿನ ಬೀಳಲಿಲ್ಲ. ಕಾಗೆ ಯಾಕೆ ಕಪ್ಪು, ಅಜ್ಜಿ ಯಾಕೆ ಗೊರಕೆ ಹೊಡೀತಾರೆ, ಭಾನುವಾರದ ಮುಂದೆ ಸೋಮವಾರನೇ ಯಾಕೆ ಬರುತ್ತೆ. ಅಂಥವಳು ಆ ದಿನ ಬಸ್ಸು ಹತ್ತಿ ಒಂದು ಗಂಟೆಯಾದರೂ ಕಿಟಕಿಯ ಹೊರಗೆ ನೋಡಿಕೊಂಡು ಬಾಯಿಗೆ ಬೀಗ ಹಾಕಿ ಕೂತಿದ್ದಳು. ಮೇಸ್ತ್ರಿಗೆ ಇದು ಸರಿಬರಲಿಲ್ಲ. ಹೆಂಡತಿಯ ಕಡೆ ಬಗ್ಗಿದ.

"ಏನಾಗಿದೆ ಇವಳಿಗೆ?"

ಹೆಂಡತಿ ಅಷ್ಟು ಹೊತ್ತೂ ಬಸ್ಸಿನ ಡ್ರೈವರನ ಬೆನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. "ಕ್ಲಚ್ ಮೇಲಿಂದ ಕಾಲೇ ತೆಗೀತಿಲ್ಲ ಈ ಮಹಾನುಭಾವ," ಎಂದು ಗೊಣಗಿ, ಆಮೇಲೆ ದನಿ ತಗ್ಗಿಸಿದಳು. "ನಿಮಗೆ ಹೇಳಬಾರದು ಅಂತಿದ್ದೆ. ನಾಳೆ ಸ್ಕೂಲಲ್ಲಿ ಮಕ್ಕಳೆಲ್ಲ ಅಪ್ಪಂದೋ ಅಮ್ಮಂದೋ ಕೆಲಸದ ಒಂದು ಫೋಟೊ ತಂದು ಅದರ ಬಗ್ಗೆ ಮಾತಾಡ್ಬೇಕಂತೆ. ಇವಳು ನಮ್ಮಪ್ಪ ಕೋಟೆ ಚಾವಣಿ ಮಾಡಿದ್ದಾರೆ ಅಂದಿದ್ದಾಳೆ. ಆ ಹಲ್ಲಿನ ಡಾಕ್ಟರ ಮಗಳಿಲ್ವಾ, ಅವಳು ಏನಂದ್ಳು ಗೊತ್ತಾ? 'ಅಷ್ಟು ದಿನ ಮನೆಗೆ ಬರದೇ ಇರೋ ಅಪ್ಪಂದಿರು ಕೆಲಸಕ್ಕೆ ಹೋಗಿರಲ್ಲ. ಬೇರೆ ಮನೇಲಿ ಇರ್ತಾರೆ. ದೊಡ್ಡೋರು ಮಕ್ಕಳಿಗೆ ಸುಮ್ನೆ ಹಾಗೆ ಹೇಳ್ತಾರೆ' ಅಂದ್ಳಂತೆ."

ಮೇಸ್ತ್ರಿ ಮಗಳ ಕಡೆ ತಿರುಗಿ ನೋಡಿದ. "ಇವಳು ನಂಬಿಬಿಟ್ಲಾ?"

"'ನಾನು ನಂಬಿಲ್ಲ' ಅಂದ್ಳು."

"ಸದ್ಯ."

"ಮೂರು ಸಲ ಅಂದ್ಳು ಕಣ್ರೀ. ಯಾರೂ ಕೇಳದೇನೇ."

ಮೇಸ್ತ್ರಿಗೆ ಆ ಹಲ್ಲಿನ ಡಾಕ್ಟರ ಮನೆಯ ಗೋಡೆಗೆ ತಾನೇ ಗಾರೆ ಮೆತ್ತಿದ್ದು ನೆನಪಾಗಿ, ಇನ್ನೂ ಸ್ವಲ್ಪ ನೀರು ಜಾಸ್ತಿ ಹಾಕಿ ಕಲಸಬೇಕಾಗಿತ್ತು ಅನ್ನಿಸಿತು. ಆದರೆ ಅವನು ಸಿಟ್ಟನ್ನು ಬಹಳ ಹೊತ್ತು ಇಟ್ಟುಕೊಳ್ಳುವ ಪೈಕಿ ಅಲ್ಲ. "ಇವತ್ತು ತೋರಿಸ್ತೀನಲ್ಲ," ಎಂದ. "ಒಂದೊಂದು ಎಲೆಯನ್ನೂ ತೋರಿಸ್ತೀನಿ. ಕಣ್ಣಾರೆ ನೋಡ್ಲಿ. ಫೋಟೊ ತಗೊಂಡು ಹೋಗಿ ಆ ಹಲ್ಲಿನ ಹುಡುಗಿಯ ಮೂಗಿನ ಮುಂದೆ ಹಿಡೀಲಿ."

ಕೋಟೆಗೆ ಮೂರು ಕಡೆಯೂ ನೀರು. ನೆಲದ ಕಡೆಯಿಂದ ಒಂದು ಕಲ್ಲಿನ ಸೇತುವೆ ದಾಟಿ ಒಳಗೆ ಹೋಗಬೇಕು. ಬಿಸಿಲು ಹಿತವಾಗಿತ್ತು, ಗಾಳಿಗೆ ಸರೋವರ ಸಣ್ಣಗೆ ತೆರೆ ಎಬ್ಬಿಸುತ್ತಿತ್ತು, ಬಾತುಕೋಳಿಗಳು ಯಾರ ಕೈಯಲ್ಲಿ ಬುತ್ತಿಯಿದೆ ಎಂದು ಒಬ್ಬೊಬ್ಬರನ್ನೂ ತಪಾಸಣೆ ಮಾಡಿ ಬಿಡುತ್ತಿದ್ದವು. ಬಸ್ಸು ಎಂಟು ನಿಮಿಷ ತಡವಾಗಿದ್ದರಿಂದ ಹೆಂಡತಿ ಬುರುಜನ್ನು ಹೊರಗಿನಿಂದಲೇ ಮುಗಿಸಿದಳು. ಅತ್ತೆ ರಾಜನ ಮಂಚದ ಮುಂದೆ ನಿಂತು, "ಇಷ್ಟು ಗಿಡ್ಡ ಮಂಚಾನಾ? ಕಾಲು ಮಡಚ್ಕೊಂಡು ಮಲಗ್ತಿದ್ನಾ ಪಾಪ? ಅದಕ್ಕೇ ಎಲ್ಲರ ಮೇಲೂ ಯುದ್ಧಕ್ಕೆ ಹೋಗಿರೋದು. ನಿದ್ದೆ ಸರಿ ಇಲ್ಲದೋರು ಹಾಗೇ," ಎಂದು ಇತಿಹಾಸಕ್ಕೆ ತಮ್ಮ ಕೊಡುಗೆ ಸಲ್ಲಿಸಿದರು. ನೀರಿನ ಪಕ್ಕದ ಮೋಟುಗೋಡೆಯ ಮೇಲೆ ಕೂತು ಎಲ್ಲರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಯಾಕಮ್ಮ ಅಮ್ಮನ ಫೋನನ್ನು ಎರಡು ಕೈಯಲ್ಲೂ ಹಿಡಿದು, ಇನ್ನೂ ಒಂದೂ ಫೋಟೊ ತೆಗೆಯದೆ, ಅದನ್ನು ಚಾವಣಿಗೆಂದೇ ಮೀಸಲಿಟ್ಟುಕೊಂಡಿದ್ದಳು.

ಒಂದೂ ಹತ್ತಕ್ಕೆ ಸರಿಯಾಗಿ ಅವರು ಹಜಾರದ ಬಾಗಿಲಿಗೆ ಬಂದರು. ಬಾಗಿಲ ಪಕ್ಕ ಒಂದು ಕುರ್ಚಿಯಲ್ಲಿ ಬೂದುಬಣ್ಣದ ಕೋಟು ತೊಟ್ಟ ಕಾವಲಿನ ಹೆಂಗಸು ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಸೊಂಟದಲ್ಲಿ ಬೀಗದ ಕೈಗೊಂಚಲು, ಮುಖದಲ್ಲಿ ಯಾವುದನ್ನೂ ಮುಟ್ಟಬೇಡಿ ಎಂಬ ಬೋರ್ಡು. "ಮೆಲ್ಲಗೆ ಮಾತಾಡಿ, ಗೋಡೆಗೆ ಒರಗಬೇಡಿ," ಎಂದು ಒಳಗೆ ಬಿಟ್ಟರು.

ಮೇಸ್ತ್ರಿ ಒಳಗೆ ಕಾಲಿಟ್ಟ, ತಲೆ ಎತ್ತಿದ, ಅಲ್ಲಿಗೆ ಅವನ ಜೀವ ಬಾಯಿಗೆ ಬಂತು.

ಹಜಾರವನ್ನು ಅವನು ಅದೇ ಮೊದಲ ಸಲ ನೋಡುತ್ತಿದ್ದ. ಹದಿನೆಂಟು ತಿಂಗಳು ದುಡಿದವನು ಮೊದಲ ಸಲ ನೋಡುವುದೆಂದರೇನು ಎಂದು ನೀವು ಕೇಳಬಹುದು. ಸಂಗತಿ ಸರಳ. ಅವನು ಬರುವ ಹೊತ್ತಿಗಾಗಲೇ ಚಾವಣಿಯ ಕೆಳಗೆ ಸಾರವೆ ಕಟ್ಟಿ, ಅದರ ಮೇಲೆ ಒತ್ತೊತ್ತಾಗಿ ಹಲಗೆ ಹಾಸಿ ಆಗಿತ್ತು. ಹಲಗೆಯ ಕೆಳಗೆ ಕೋಟೆ ನೋಡುವ ಜನ ಎಂದಿನಂತೆ ಓಡಾಡುತ್ತಿದ್ದರು, ಹಲಗೆಯ ಮೇಲೆ ಗಾರೆಯವರು. ಇವರು ಮೇಲೆ ಹೋಗುತ್ತಿದ್ದುದು ಹೊರಗೋಡೆಗೆ ಕಟ್ಟಿದ ಏಣಿಯಿಂದ, ಒಂದು ಕಿಟಕಿ ತೂರಿ. ಬಾಗಿಲಿನಿಂದ ಒಮ್ಮೆಯೂ ಬಂದದ್ದಿಲ್ಲ. ಹೋಗಿ ಅಂಗಾತ ಮಲಗಿದರೆ ಮೂಗಿನಿಂದ ಒಂದೂವರೆ ಅಡಿ ದೂರದಲ್ಲಿ ಚಾವಣಿ. ಒಂದು ಸಲಕ್ಕೆ ಕಾಣುವುದು ಎರಡು ಎಲೆ, ಒಂದು ತೊಟ್ಟು. ಕೆಲಸ ಮುಗಿದು ಹಲಗೆ ಕಳಚುವ ಹೊತ್ತಿಗೆ ಇವನು ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿ ಬಂದಿದ್ದ. ಆ ಚಾವಣಿಯ ಒಂದೊಂದು ಗೀರನ್ನೂ ಬಲ್ಲ ಮನುಷ್ಯನಿಗೆ ಇಡೀ ಚಾವಣಿ ಹೇಗಿದೆಯೆಂದು ಗೊತ್ತೇ ಇರಲಿಲ್ಲ.

ಈಗ ನೋಡಿದರೆ ಅದು ಎಲ್ಲೋ ಆಕಾಶದಲ್ಲಿದೆ. ಎಲೆಗಳು ಸಾವಿರ. ಹಕ್ಕಿಗಳು ಎಣಿಸಲಾರದಷ್ಟು. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಥರ.

"ಯಾವುದು ಅಪ್ಪಾ?" ಎಂದಳು ಯಾಕಮ್ಮ. ಫೋನು ಸಿದ್ಧವಾಗಿತ್ತು.

ಮೇಸ್ತ್ರಿ ಲೆಕ್ಕ ಹಾಕಿದ. ಮಲಗಿದಾಗ ತಲೆ ನೀರಿನ ಕಡೆ ಇರುತ್ತಿತ್ತು, ಬಲಗೈಯ ಕಡೆಗೆ ಮೂಲೆ. ನೀರಿನ ಕಡೆ ಎಂದರೆ ಯಾವ ಕಡೆ? ಮೂರು ಗೋಡೆಯಲ್ಲೂ ಕಿಟಕಿ, ಮೂರು ಕಿಟಕಿಯಲ್ಲೂ ನೀರು. ಆದರೂ ಮಗಳು ಕಾಯುತ್ತಿದ್ದಾಳೆ. ಅವನು ಗಂಟಲು ಸರಿಮಾಡಿಕೊಂಡು, ಬೆಂಕಿಗೂಡಿನ ಮೇಲಿನ ಮೂಲೆಗೆ ಬೆರಳು ಚಾಚಿದ.

"ಅದು. ಆ ಮೂಲೆ. ಆ ಬಳ್ಳಿ ನೋಡು, ಅದನ್ನ ಎಳೆಯೋದಕ್ಕೇ ನಂಗೆ ಹನ್ನೆರಡು ದಿನ ಬೇಕಾಯ್ತು. ಆ ಹಕ್ಕಿಯ ಕೊಕ್ಕು ಇದೆಯಲ್ಲ, ಮೂರು ಸಲ ಉದುರಿತು. ನಾಲ್ಕನೇ ಸಲ ನಿಲ್ತು."

ಯಾಕಮ್ಮನ ಮುಖ ಅರಳಿತು. ಟಕಟಕನೆ ಆರು ಫೋಟೊ ತೆಗೆದಳು. ಅತ್ತೆಯೂ ಕತ್ತು ಹಿಂದಕ್ಕೆ ವಾಲಿಸಿ, "ಪರವಾಗಿಲ್ಲ ಅಳಿಯಂದಿರೇ, ಚೆನ್ನಾಗಿದೆ," ಎಂದುಬಿಟ್ಟರು. ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉತ್ಸಾಹದಲ್ಲಿ ಹಕ್ಕಿಯ ರೆಕ್ಕೆಯ ಬಗ್ಗೆಯೂ ನಾಲ್ಕು ಮಾತು ಸೇರಿಸಿದ.

"ಕ್ಷಮಿಸಿ," ಎಂದರು ಕಾವಲಿನ ಹೆಂಗಸು. ಇಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ತಪ್ಪು ತಿಳ್ಕೊಬೇಡಿ. ಆ ಮೂಲೆ ಬಿದ್ದೇ ಇರಲಿಲ್ಲ. ಅಲ್ಲಿಗೆ ಹಲಗೇನೂ ಹಾಕಿರಲಿಲ್ಲ. ಅದು ಹಳೇದೇ."

ಮೇಸ್ತ್ರಿಯ ಬೆರಳು ಗಾಳಿಯಲ್ಲೇ ಉಳಿಯಿತು.

"ಹಾಗಾದ್ರೆ ಯಾವುದು ಹೊಸದು?" ಎಂದಳು ಯಾಕಮ್ಮ.

"ಮಿಕ್ಕಿದ್ದಕ್ಕೆಲ್ಲ ಹಲಗೆ ಹಾಕಿದ್ರು ಪುಟ್ಟಾ. ಅದರಲ್ಲಿ ಎಷ್ಟು ಹಳೇದು, ಎಷ್ಟು ಹೊಸದು ಅನ್ನೋದು ನಂಗೂ ಗೊತ್ತಾಗಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ನೋಡ್ತಿದ್ದೀನಿ."

ಇಂಥ ಮಾತನ್ನು ಬೇರೆ ಯಾವ ದಿನ ಕೇಳಿದ್ದರೂ ಮೇಸ್ತ್ರಿ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಹೊಸದು ಹಳೆಯದರ ಪಕ್ಕದಲ್ಲಿ ಕೂತರೆ ಯಾರಿಗೂ ಗುರುತು ಹತ್ತಬಾರದು ಎಂಬುದೇ ಆ ಕೆಲಸದ ಕಟ್ಟಪ್ಪಣೆಯಾಗಿತ್ತು. ಗುರುತು ಹತ್ತಿದರೆ ಕಿತ್ತು ಮತ್ತೆ ಮಾಡಿಸುತ್ತಿದ್ದರು. ಅವರು ಐದೂ ಜನ ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದ್ದರೆಂದರೆ, ಈಗ ಮಾಡಿದವನಿಗೇ ಗುರುತು ಹತ್ತುತ್ತಿಲ್ಲ. ಆ ಕಿಟಕಿಯ ಹತ್ತಿರ ನೋಡಿದ, ಈ ಕಿಟಕಿಯ ಹತ್ತಿರ ನೋಡಿದ. ಬಳ್ಳಿಯನ್ನು ಹಿಡಿದು ಹೋದ, ನಡುವೆ ಎಲ್ಲೋ ಕಳೆದುಹೋದ. ಕತ್ತು ನೋಯತೊಡಗಿತು.

"ಅಪ್ಪಾ," ಎಂದಳು ಮಗಳು. "ನಿಂಗೇ ಗೊತ್ತಿಲ್ವಾ?"

ಸುಮ್ಮನೆ ಇನ್ನೊಂದು ಕಡೆ ಬೆರಳು ತೋರಿಸಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಅಲ್ಲ ಅನ್ನುವಂತಿರಲಿಲ್ಲ. ಹೆಂಡತಿ ಕೂಡ ಹಿಂದಿನಿಂದ, ಏನಾದರೂ ತೋರಿಸಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಮೇಸ್ತ್ರಿ ಕೈ ಎತ್ತಿದ. ಮಗಳ ಮುಖ ನೋಡಿದ. ಅವಳು ಈ ಸಲ ಫೋನು ಎತ್ತಿರಲಿಲ್ಲ, ಅಪ್ಪನ ಬೆರಳನ್ನೂ ನೋಡುತ್ತಿರಲಿಲ್ಲ, ಅವನ ಕಣ್ಣನ್ನೇ ನೋಡುತ್ತಿದ್ದಳು. ಅವನು ಕೈ ಇಳಿಸಿದ.

"ಗೊತ್ತಾಗ್ತಿಲ್ಲ ಕಣೆ. ಆ ಮೂಲೆ ಅಂತ ನಿಜವಾಗ್ಲೂ ಅಂದುಕೊಂಡಿದ್ದೆ. ಕೆಳಗಿಂದ ನೋಡಿದ್ರೆ ಎಲ್ಲಾ ಬೇರೆ ಥರ ಕಾಣುತ್ತೆ."

"ನೀನು ಇಲ್ಲೇ ಇದ್ದೆ ತಾನೆ?"

"ಇನ್ನೆಲ್ಲಿರ್ತೀನಿ? ದಿನಾ ಇಲ್ಲಿಂದಲೇ ಫೋನ್ ಮಾಡ್ತಿರಲಿಲ್ವೇನೆ ನಿಂಗೆ?"

"ಫೋನನ್ನ ಎಲ್ಲಿಂದ ಬೇಕಾದ್ರೂ ಮಾಡ್ಬಹುದು," ಎಂದಳು ಯಾಕಮ್ಮ.

ಹೇಳಿ, ತಿರುಗಿ, ಹಜಾರದ ಆ ತುದಿಗೆ ಹೋಗಿ ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಅಳಿಯನ ಮುಖ ನೋಡಿ ಮುಚ್ಚಿಕೊಂಡರು. ಅತ್ತೆ ಬಾಯಿ ಮುಚ್ಚಿಕೊಂಡರೆಂದರೆ ಆ ಮುಖ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಿ. ಮೇಸ್ತ್ರಿಗೆ ಅಳು ಬರುವಂತಾಗಿತ್ತು. ಹದಿನೆಂಟು ತಿಂಗಳು ಬೆನ್ನು ಮುರಿದುಕೊಂಡು ಮಾಡಿದ ಕೆಲಸ ತಲೆಯ ಮೇಲೆಯೇ ಇದೆ, ಅದರಲ್ಲಿ ಇದು ನನ್ನದು ಎಂದು ಮಗಳಿಗೆ ತೋರಿಸಲು ಒಂದು ಎಲೆಯೂ ಸಿಗುತ್ತಿಲ್ಲ.

ಆಗ ಅವನು ಒಂದು ಕೆಲಸ ಮಾಡಿದ. ಗಾರೆಯವನಿಗಲ್ಲದೆ ಬೇರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಹಜಾರದ ನಟ್ಟ ನಡುವೆ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಮಲಗಿದರೆ ದಿಕ್ಕು ಗೊತ್ತಾಗಬಹುದು ಎಂಬ ಆಸೆ.

"ಏಳಿ, ಏಳಿ!" ಕಾವಲಿನ ಹೆಂಗಸು ಧಾವಿಸಿ ಬಂದರು. "ಇಲ್ಲೆಲ್ಲ ಮಲಗೋ ಹಾಗಿಲ್ಲ. ಏನ್ರೀ ಇದು, ನಿಮ್ಮ ಮನೆಯವರು..."

"ಅವರು ಹಾಗೇ," ಎಂದಳು ಹೆಂಡತಿ, ಬೇರೇನೂ ತೋಚದೆ.

ಮೇಸ್ತ್ರಿಗೆ ಇದು ಯಾವುದೂ ಕಿವಿಗೆ ಬೀಳಲಿಲ್ಲ. ಮೇಲೆ ನೋಡುತ್ತ, ಎದೆಯೊಳಗಿನದನ್ನು ತಡೆಯಲಾರದೆ, ಆ ತುದಿಯಲ್ಲಿ ಕೂತ ಮಗಳಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದ.

"ಯಾಕಮ್ಮಾ! ಓ ಯಾಕಮ್ಮಾ! ಕೇಳಿಸ್ತಾ?"

ದನಿ ಚಾವಣಿಗೆ ಬಡಿದು ಹಜಾರವೆಲ್ಲ ಸುತ್ತಿತು. ಮಗಳು ತಿರುಗಲಿಲ್ಲ. ಆದರೆ ಮೇಸ್ತ್ರಿಯ ತೋಳು ಹಿಡಿದು ಎಬ್ಬಿಸಲು ಬಗ್ಗಿದ್ದ ಕಾವಲಿನ ಹೆಂಗಸು ಬಗ್ಗಿದಲ್ಲೇ ನಿಂತರು.

"ಇನ್ನೊಂದ್ಸಲ ಕೂಗಿ," ಎಂದರು.

"ಏನಮ್ಮಾ?"

"ಅದೇ. ಹಾಗೇ. ಇನ್ನೊಂದ್ಸಲ."

"ಯಾಕಮ್ಮಾ, ಕೇಳಿಸ್ತಾ?" ಎಂದ ಮೇಸ್ತ್ರಿ, ಈ ಸಲ ಅಂಜುತ್ತ.

ಕಾವಲಿನ ಹೆಂಗಸು ನೆಟ್ಟಗಾಗಿ ಎರಡು ಕೈಯನ್ನೂ ಕೆನ್ನೆಗೆ ಹಚ್ಚಿಕೊಂಡರು. ಮುಖದ ಮೇಲಿನ ಬೋರ್ಡು ಎಲ್ಲಿ ಹೋಯಿತೋ. "ಅಯ್ಯೋ! ನೀವಾ? ಹಲಗೆ ಮೇಲಿನ ಅಪ್ಪ ನೀವಾ?" ಎಂದು, ಮೆಲ್ಲಗೆ ಮಾತಾಡಿ ಎಂದು ಬಂದವರಿಗೆಲ್ಲ ಹೇಳುವ ಆ ತಾಯಿ ತಾವೇ ಕೂಗಿಕೊಂಡು ಕಿಟಕಿಯ ಕಡೆ ಓಡಿದರು. "ಹಾಗಾದ್ರೆ ನೀನೇ ಯಾಕಮ್ಮಾನಾ? ಎಲ್ಲಿ, ತಿರುಗು ಈ ಕಡೆ, ಬಾಯಿ ತೆಗಿ. ಮುಂದಿನ ಹಲ್ಲು ಬಂತಾ?"

ಯಾಕಮ್ಮ ತಿರುಗಿದಳು. ಬಾಯಿ ತಾನಾಗಿಯೇ ತೆರೆದುಕೊಂಡಿತ್ತು.

"ಬಂದಿದೆ! ಎಷ್ಟು ದಿನ ಗೋಳಾಡಿದೆ ಮಾರಾಯ್ತಿ ನೀನು, ಹಲ್ಲು ಬರೋದೇ ಇಲ್ಲ ಅಂತ."

"ನಿಮಗೆ ಹೇಗೆ ಗೊತ್ತು?"

"ಹೇಗೆ ಗೊತ್ತು ಅಂದ್ರೆ? ನಾನು ಹಲಗೆ ಕೆಳಗೆ, ನಿಮ್ಮಪ್ಪ ಹಲಗೆ ಮೇಲೆ. ದಿನಾ ಐದು ಗಂಟೆಗೆ ಫೋನು. ಆ ಐದು ಗಂಟೆ ಹೊತ್ತಲ್ಲಿ ಇಲ್ಲಿ ಒಂದು ನರಪಿಳ್ಳೆ ಇರಲ್ಲ. ನಿನ್ನ ಮಾತು ನಂಗೆ ಕೇಳಿಸ್ತಿರಲಿಲ್ಲ, ಆದ್ರೆ ಲೈನು ಸರಿಯಿಲ್ಲ ಅಂತ ನಿಮ್ಮಪ್ಪ ನೀನು ಕೇಳಿದ್ದನ್ನೆಲ್ಲ ಇನ್ನೊಂದ್ಸಲ ಜೋರಾಗಿ ಹೇಳಿ, ಆಮೇಲೆ ಉತ್ತರ ಹೇಳ್ತಿದ್ರು. ಜಿರಾಫೆ ಯಾಕೆ ಕೂಗಲ್ಲ? ಅಜ್ಜಿ ಮೂಗಲ್ಲಿ ಯಾಕೆ ಕೂದಲಿದೆ?"

"ಇದೇನಿದು?" ಎಂದರು ಅತ್ತೆ.

ಆದರೆ ಯಾಕಮ್ಮ ಅಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ. ಹುಬ್ಬು ಗಂಟು ಹಾಕಿಕೊಂಡು ವಕೀಲರ ಹಾಗೆ ಎದುರು ನಿಂತಳು. "ಹಾಗಾದ್ರೆ ಹೇಳಿ. ನಮ್ಮನೆ ಬೆಕ್ಕಿನ ಹೆಸರೇನು?"

"ನಿಮ್ಮನೇಲಿ ಬೆಕ್ಕೆಲ್ಲಿದೆ? ಬೇಕು ಅಂತ ಹನ್ನೊಂದು ದಿನ ಅತ್ತಿದ್ದೆ ನೀನು. ಅಜ್ಜಿಗೆ ಬೆಕ್ಕಿನ ಕೂದಲು ಆಗಲ್ಲ, ಸೀನು ಬರುತ್ತೆ ಅಂತ ನಿಮ್ಮಪ್ಪ ಬೇಡ ಅಂದ್ರು. ನೀನು ಹಾಗಾದ್ರೆ ಅಜ್ಜೀನ ಬೇರೆ ಮನೆಗೆ ಕಳಿಸಿ ಅಂದೆ ಅನ್ಸುತ್ತೆ. ಯಾಕಂದ್ರೆ ನಿಮ್ಮಪ್ಪ ಅವತ್ತು ಮೊದಲನೇ ಸಲ ಬೈದ್ರು. 'ಅಜ್ಜಿ ಬಾಯಿ ಜೋರು ಅಷ್ಟೇ ಕಣೆ, ಅವರಿಲ್ಲದಿದ್ರೆ ನಾನು ಇಲ್ಲಿ ಒಂದಿನ ನೆಮ್ಮದಿಯ ನಿದ್ದೆ ಮಾಡ್ತಿರಲಿಲ್ಲ' ಅಂದ್ರು."

ಅತ್ತೆ ಕೈಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದರು. ಬೆಕ್ಕು ಇಲ್ಲದಿದ್ದರೂ ಅವರಿಗೆ ಸೀನು ಬಂದಂತಿತ್ತು. ನೆಲದ ಮೇಲೆ ಎದ್ದು ಕೂತಿದ್ದ ಮೇಸ್ತ್ರಿ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಬೂಟನ್ನೇ ನೋಡಿಕೊಂಡ.

"ಒಂದ್ಸಲ ನಿನಗೆ ಜ್ವರ ಬಂದಿತ್ತು," ಎಂದರು ಕಾವಲಿನ ಹೆಂಗಸು, ಈಗ ದನಿ ಇಳಿಸಿ. "ಅವತ್ತು ನಿಮ್ಮಪ್ಪ ಫೋನು ಇಟ್ಟ ಮೇಲೂ ಮೇಲೆ ಹಾಗೇ ಇದ್ರು. ನಾನು ಬಾಗಿಲು ಹಾಕ್ಬೇಕಿತ್ತು, ಹಾಕ್ಲಿಲ್ಲ. ಮಾರನೇ ದಿನ ನಿನ್ನ ಜ್ವರ ಬಿಟ್ಟಿದ್ದು ನಿಮ್ಮಪ್ಪ-ಅಮ್ಮನ ನಂತರ ಮೊದಲು ಗೊತ್ತಾಗಿದ್ದು ನಂಗೇ ಇರಬೇಕು. ಹಲಗೆ ತೆಗೆದ ಮೇಲೆ, ಸುಳ್ಳು ಯಾಕೆ ಹೇಳಲಿ, ಐದು ಗಂಟೆ ಆದ್ರೆ ಇಲ್ಲಿ ಬಿಕೋ ಅನ್ನುತ್ತೆ. ಇವರು ಯಾರೋ, ಹೇಗಿದ್ದಾರೋ, ಒಂದಿನ ಮುಖ ನೋಡಿದವಳಲ್ಲ. ಹೊರಗಿನ ಏಣಿಯಿಂದ ಹತ್ತೋರು, ಹೊರಗಿನಿಂದಲೇ ಇಳಿಯೋರು."

ಯಾಕಮ್ಮ ಬಹಳ ಹೊತ್ತು ಅವರ ಮುಖ ನೋಡಿದಳು. ಆಮೇಲೆ ಕೇಳಿದಳು, "ಎಲ್ಲಿ ಕೂತ್ಕೊಂಡು ಕೇಳ್ತಿದ್ರಿ?"

ಕಾವಲಿನ ಹೆಂಗಸು ಬಾಗಿಲ ಹತ್ತಿರದ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಬಂದರು. ಎರಡನೆಯ ಕಿಟಕಿಯಿಂದ ಮೂರು ಹೆಜ್ಜೆ ಎಣಿಸಿ, ಸ್ವಲ್ಪ ಎಡಕ್ಕೆ ಸರಿಸಿ, ಕೂತು ನೋಡಿ, ಇನ್ನೂ ಸ್ವಲ್ಪ ಸರಿಸಿದರು. "ಮೊದಲೆಲ್ಲ ಅಲ್ಲಿ ಇಲ್ಲಿ ಕೇಳಿಸ್ತಿತ್ತು. ಕೊನೆಯ ಐದಾರು ತಿಂಗಳು ಮಾತ್ರ ಸರಿಯಾಗಿ ಇಲ್ಲೇ. ನನ್ನ ನೆತ್ತಿಯ ಮೇಲೆ."

ಎಲ್ಲರೂ ಕತ್ತೆತ್ತಿದರು. ಅಲ್ಲಿ ಒಂದು ಬಳ್ಳಿ ಸುರುಳಿ ಸುತ್ತಿ ಇಳಿದಿತ್ತು, ಅದರ ತುದಿಯಲ್ಲಿ ಅರ್ಧ ತಿಂದ ಹಣ್ಣಿಗೆ ಕೊಕ್ಕು ಹಾಕಿದ ಒಂದು ದಪ್ಪ ಹಕ್ಕಿ. ಮೇಸ್ತ್ರಿಗೆ ಇದು ತನ್ನದೇ ಎಂದು ಈಗಲೂ ಕಣ್ಣಿಗೆ ಗುರುತು ಹತ್ತಲಿಲ್ಲ. ಆದರೆ ಕೊನೆಯ ಐದಾರು ತಿಂಗಳು ತಾನೊಬ್ಬನೇ ಮಾಡಿದ್ದು ಒಂದು ಸುರುಳಿ ಬಳ್ಳಿ, ಒಂದು ದಪ್ಪ ಹಕ್ಕಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಹೌದು ಎಂದು ತಲೆಯಾಡಿಸಿದ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಯಾಕಮ್ಮ ಫೋಟೊ ತೆಗೆದಳು. ಮೊದಲು ಹಕ್ಕಿಯದು. ಆಮೇಲೆ ಕುರ್ಚಿಯಲ್ಲಿ ಕೂತು ಮೇಲೆ ಬೆರಳು ತೋರಿಸುತ್ತಿರುವ ಕಾವಲಿನ ಹೆಂಗಸಿನದು. "ಇವರು ಸಾಕ್ಷಿ," ಎಂದಳು ಅಮ್ಮನಿಗೆ. ಸಾಕ್ಷಿಯವರು ಫೋಟೊಗೆಂದು ಕೋಟಿನ ಗುಂಡಿ ಸರಿಮಾಡಿಕೊಂಡರು.

ಹೆಂಡತಿ ಗಡಿಯಾರ ನೋಡಿಕೊಂಡಳು. ಎರಡೂ ಹದಿನೈದು. ಎರಡೂ ಇಪ್ಪತ್ತರ ದೋಣಿ ಕೆಳಗೆ ಸೀಟಿ ಊದುತ್ತಿತ್ತು. ಹನ್ನೆರಡು ವರ್ಷದಲ್ಲಿ ಎಂದೂ ತಡ ಮಾಡದವಳು ಗಡಿಯಾರದ ಮೇಲೆ ತೋಳು ಎಳೆದುಕೊಂಡು, "ಹೋಗ್ಲಿ ಬಿಡಿ, ಇನ್ನೊಂದು ಬರುತ್ತೆ," ಎಂದಳು. ಯಾಕಮ್ಮ ಅಷ್ಟರಲ್ಲಿ ಹಕ್ಕಿಯ ನೇರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ಮೇಸ್ತ್ರಿ ಕಾವಲಿನ ಹೆಂಗಸಿನ ಮುಖ ನೋಡಿದ. ಅವರು ಹೋಗಿ ಹಜಾರದ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ, "ನಾನೇನೂ ನೋಡಿಲ್ಲ," ಎಂದು ಕಿಟಕಿಯ ಕಡೆ ತಿರುಗಿ ನಿಂತರು. ಅಪ್ಪ ಮಲಗಿದ. ಅಮ್ಮ ಮಲಗಿದಳು. "ನಾನು ಮಲಗಿದ್ರೆ ಮತ್ತೆ ಎಬ್ಬಿಸೋದಕ್ಕೆ ಸಾರವೆ ಕಟ್ಟಬೇಕಾಗುತ್ತೆ," ಎಂದು ಅತ್ತೆ ಮಾತ್ರ ಕಾವಲಿನ ಕುರ್ಚಿಯಲ್ಲಿ ಕೂತರು. ಕೂತು, ಯಾರಿಗೂ ಕಾಣದಂತೆ ಅಳಿಯನ ತಲೆಯ ಕೆಳಗೆ ತಮ್ಮ ಶಾಲನ್ನು ಮಡಚಿ ತಳ್ಳಿದರು.

ನೀರಿನ ಮೇಲಿನ ಬಿಸಿಲು ಕಿಟಕಿಯಿಂದ ಹಾರಿ ಚಾವಣಿಯ ಮೇಲೆ ತೆರೆತೆರೆಯಾಗಿ ಆಡುತ್ತಿತ್ತು. ಎಲೆಗಳು ಅಲ್ಲಾಡುತ್ತಿವೆಯೇನೋ ಅನ್ನಿಸುತ್ತಿತ್ತು.

"ಅಪ್ಪಾ."

"ಹೂಂ."

"ಬೇಗ ಮನೆಗೆ ಬರೋಣ ಅಂತ ನೀನು ಬೇಗ ಬೇಗ ಯಾಕೆ ಮುಗಿಸ್ಲಿಲ್ಲ?"

ಇದು ಅವಳು ಬಸ್ಸಿನಿಂದಲೂ, ಬಹುಶಃ ಹದಿನೆಂಟು ತಿಂಗಳಿಂದಲೂ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಎಂದು ಮೇಸ್ತ್ರಿಗೆ ಅರ್ಥವಾಯಿತು. ಜಿರಾಫೆಯ ಪ್ರಶ್ನೆಗೆ ಹೇಳಿದಂತೆ ಏನೋ ಒಂದು ಹೇಳಿ ಜಾರಿಕೊಳ್ಳುವಂಥದ್ದಲ್ಲ.

"ಬೇಗ ಬೇಗ ಮಾಡಿದ್ರೆ ಗೊತ್ತಾಗ್ತಿತ್ತು ಕಣೆ," ಎಂದ. "ಇಷ್ಟೆಲ್ಲದರ ನಡುವೆ ಅದೊಂದೇ ಎದ್ದು ಕಾಣ್ತಿತ್ತು. ಯಾರೋ ಇಲ್ಲಿ ಅವಸರ ಮಾಡಿದ್ದಾರೆ, ಇವನಿಗೆ ಮನೆಗೆ ಹೋಗೋ ಆತುರ ಇತ್ತು ಅಂತ ನೋಡಿದೋರಿಗೆಲ್ಲ ಗೊತ್ತಾಗಿಬಿಡ್ತಿತ್ತು."

ಯಾಕಮ್ಮ ಮೇಲಿನ ಹಕ್ಕಿಯನ್ನು ನೋಡುತ್ತ ಯೋಚಿಸಿದಳು.

"ಗೊತ್ತಾಗ್ಲಿ," ಎಂದಳು. "ನಾನು ನಾಳೆ ಅದನ್ನೇ ತೋರಿಸ್ತಿದ್ದೆ."

ಮೇಸ್ತ್ರಿ ಅವಳ ಕೈ ಹಿಡಿದುಕೊಂಡ. ಚೆನ್ನಾಗಿ ಮಾಡಿದ್ದೇನೆ, ಗುರುತೇ ಹತ್ತದಂತೆ ಮಾಡಿದ್ದೇನೆ ಎಂದು ಇಷ್ಟು ದಿನ ಬೀಗಿದ್ದ ಮನುಷ್ಯನಿಗೆ, ಆ ಇಡೀ ಚಾವಣಿಯಲ್ಲಿ ಒಂದೇ ಒಂದು ಸೊಟ್ಟ ಎಲೆ ಬಿಟ್ಟುಬರಬೇಕಾಗಿತ್ತು ಅನ್ನಿಸಿತು. ಮುಂದಿನ ಕೆಲಸ ಎಲ್ಲಿಯೇ ಸಿಗಲಿ, ಯಾರು ಏನೇ ಅನ್ನಲಿ, ಒಂದು ಎಲೆಯನ್ನಾದರೂ ಅವಸರದಲ್ಲಿ ಮೆತ್ತಿ ಮನೆಗೆ ಓಡಿ ಬರುತ್ತೇನೆ ಎಂದು ಅವನು ಮಗಳಿಗೆ ಮಾತು ಕೊಟ್ಟ. ಅವಳು, ಯಾವ ಎಲೆ ಎಂದು ಮೊದಲೇ ಹೇಳಿರಬೇಕು ಎಂದಳು.